ಮುಳ್ಳು ಮೇಲೇರಿದ್ದು ಎಲ್ಲಿ?

ದೆಹಲಿಯ ರೋಹಿಣಿಯಲ್ಲಿ ಕಾರು ಹೀಟ್ ಆಯಿತೆಂದು ಗ್ಯಾರೇಜಿಗೆ ಹೋದರೆ, ಕೆಲಸ ಬಲ್ಲ ಮೆಕ್ಯಾನಿಕ್ ಬಾನೆಟ್ ಎತ್ತುವ ಮುಂಚೆಯೇ ಒಂದು ಮಾತು ಕೇಳುತ್ತಾನೆ: ‘ಕಹಾಂ ಗರಮ್ ಹುಯೀ?’ ಎಲ್ಲಿ ಕಾಯಿತು? ಮಧುಬನ್ ಚೌಕದ ಸಿಗ್ನಲ್ಲಿನಲ್ಲಿ ನಿಂತಾಗಲೋ, ಯುಇಆರ್-2 ಹೆದ್ದಾರಿಯ ಮೇಲೆ ಓಡುವಾಗಲೋ? ಇದನ್ನು ಕೇಳದೆ ‘ರೇಡಿಯೇಟರ್ ಹೋಗಿದೆ, ಹೊಸದು ಹಾಕಿಸಿ’ ಎಂದವನ ಹತ್ತಿರ ಗಾಡಿ ಬಿಡದಿರುವುದು ಒಳ್ಳೆಯದು.

ಎಂಬತ್ತರ ದಶಕದಿಂದ ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಸೆಕ್ಟರು ಸೆಕ್ಟರಾಗಿ ಕಟ್ಟುತ್ತ ಬಂದ ಈ ಉಪನಗರಕ್ಕೆ ಈಗ ಎರಡು ಬಗೆಯ ರಸ್ತೆಗಳಿವೆ. ಪೂರ್ವದ ಅಂಚಿಗೆ ಔಟರ್ ರಿಂಗ್ ರೋಡು. ಸಂಜೆ ಹೊತ್ತು ಮಧುಬನ್ ಚೌಕದಿಂದ ಮುಕರ್ಬಾ ಚೌಕದ ಕಡೆ ಹೊರಟರೆ ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವುದೇ ಅಪರೂಪ. ಇನ್ನೊಂದು ಕಡೆ 2025ರ ಆಗಸ್ಟ್ 17ರಂದು ರೋಹಿಣಿಯಲ್ಲೇ ಪ್ರಧಾನಿ ಉದ್ಘಾಟಿಸಿದ ಯುಇಆರ್-2, ಅಂದರೆ ಅರ್ಬನ್ ಎಕ್ಸ್‌ಟೆನ್ಷನ್ ರೋಡ್. ಅಲ್ಲಿ ಗಾಡಿ ಸಲೀಸಾಗಿ ಓಡುತ್ತದೆ. ಕಾಯುವ ರೋಗವಿರುವ ಕಾರಿಗೆ ಈ ಎರಡು ರಸ್ತೆಗಳೇ ಅರ್ಧ ಪರೀಕ್ಷೆ ಮುಗಿಸಿಕೊಡುತ್ತವೆ. ಜಾಮಿನಲ್ಲಿ ಕಾದು, ಓಡತೊಡಗಿದ ಮೇಲೆ ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ತಾನಾಗಿ ಇಳಿದರೆ ಆ ಗಾಡಿಗೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಕಡೆ ನೋಡಬೇಕು. ಜಾಮಿನಲ್ಲಿ ಸುಮ್ಮನಿದ್ದು, ವೇಗ ಹಿಡಿದ ಮೇಲೆ ಕಾಯತೊಡಗಿದರೆ ನೀರು ಸರಿಯಾಗಿ ಸುತ್ತುತ್ತಿಲ್ಲ. ವಾಟರ್ ಪಂಪು, ಥರ್ಮೋಸ್ಟಾಟ್, ಒಳಗೆ ಕಟ್ಟಿಕೊಂಡ ರೇಡಿಯೇಟರ್, ಇವುಗಳ ಕಡೆ ನೋಡಬೇಕು. ನಮ್ಮ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿ ಮಾತ್ರ ತೆವಳುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ. ಬಯಲುಸೀಮೆಯಲ್ಲಿ ಮುಚ್ಚಿಕೊಂಡಿದ್ದ ದೋಷ ಅಲ್ಲಿ ಹೊರಬೀಳುತ್ತದೆ.

ಬಿಸಿಲನ್ನು ಬೈಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವಷ್ಟೇ ಗಾಡಿ ಎಳೆಯುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ, ಉಳಿದದ್ದು ಶಾಖವಾಗಿ ಕೂಲಂಟಿಗೆ ಸೇರುತ್ತದೆ. ಆ ಶಾಖವನ್ನು ರೇಡಿಯೇಟರ್ ಗಾಳಿಗೆ ದಾಟಿಸಬೇಕು. ಎಷ್ಟು ದಾಟಿಸಬಲ್ಲದು ಎಂಬುದು ಕೂಲಂಟಿಗೂ ಹೊರಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೂಲಂಟ್ 90 ಡಿಗ್ರಿ ಇದೆ ಅನ್ನಿ. ಬೆಂಗಳೂರಿನ 30 ಡಿಗ್ರಿಯಲ್ಲಿ ಅಂತರ 60. ದೆಹಲಿಯ 45 ಡಿಗ್ರಿಯಲ್ಲಿ ಅಂತರ ಬರೀ 45. ಅಂದರೆ ಅದೇ ರೇಡಿಯೇಟರು ಕಾಲು ಭಾಗ ಸಾಮರ್ಥ್ಯ ಕಳೆದುಕೊಂಡಿತು. ಅದರ ಮುಂದೆ ಎಸಿಯ ಕಂಡೆನ್ಸರ್ ಬೇರೆ ಕೂತಿರುತ್ತದೆ. ಕಾರಿನೊಳಗಿಂದ ತೆಗೆದ ಬಿಸಿಯನ್ನೆಲ್ಲ ಅದು ಮೊದಲೇ ಗಾಳಿಗೆ ಬೆರೆಸಿ, ಕಾದ ಗಾಳಿಯನ್ನು ಹಿಂದಿನ ರೇಡಿಯೇಟರಿಗೆ ಕಳಿಸುತ್ತದೆ.

ರೋಹಿಣಿಯಿಂದ ಹೆಚ್ಚು ದೂರವಿಲ್ಲದ ಮುಂಗೇಶ್‌ಪುರದ ಹವಾಮಾನ ಕೇಂದ್ರ 2024ರ ಮೇ 29ರಂದು 52.9 ಡಿಗ್ರಿ ತೋರಿಸಿದಾಗ ದೇಶವೆಲ್ಲ ಬಾಯಿ ಬಿಟ್ಟಿತ್ತು. ಆಮೇಲೆ ಹವಾಮಾನ ಇಲಾಖೆ ಪರೀಕ್ಷಿಸಿ, ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು ಎಂದಿತು. ಮೂರು ಕಳೆದರೂ ಉಳಿಯುವುದು ಕಡಿಮೆಯೇನಲ್ಲ. ಆದರೂ ನಮ್ಮಲ್ಲಿ ಮಾರುವ ಕಾರುಗಳು ಈ ಬಿಸಿಲನ್ನು ಲೆಕ್ಕಕ್ಕೆ ಹಿಡಿದೇ ತಯಾರಾಗುತ್ತವೆ. ಮೇ ತಿಂಗಳಲ್ಲಿ ಅದೇ ಔಟರ್ ರಿಂಗ್ ರೋಡಿನಲ್ಲಿ, ಅದೇ ಜಾಮಿನಲ್ಲಿ, ಸಾವಿರ ಗಾಡಿಗಳು ಎಸಿ ಹಾಕಿಕೊಂಡೇ ನಿಂತಿರುತ್ತವೆ. ಹಬೆ ಬಿಡುವುದು ಒಂದೋ ಎರಡೋ. ಬಿಸಿಲು ಮಾಡುವುದು ಇಷ್ಟೇ: ಚಳಿಗಾಲವೆಲ್ಲ ಅಡಗಿದ್ದ ಸಣ್ಣ ದೋಷಕ್ಕೆ ಅಡಗಲು ಜಾಗ ಕೊಡುವುದಿಲ್ಲ. ಕಲಬುರಗಿ, ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ದಾರಿಯಲ್ಲಿ ಏನು ಮಾಡಬೇಕು ಎಂಬುದನ್ನು ಮುಗಿಸಿಬಿಡೋಣ. ಮುಳ್ಳು ಮಧ್ಯ ದಾಟಿ ಏರುತ್ತಿದೆ, ಆದರೆ ಇನ್ನೂ ಕೆಂಪಿಗೆ ಮುಟ್ಟಿಲ್ಲ ಎಂದಾದರೆ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ತಿರುಗಿಸಿ. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಬಿಸಿಯನ್ನು ನಿಮ್ಮ ಮುಖಕ್ಕೆ ಊದುತ್ತದೆ. ಮೇ ತಿಂಗಳಲ್ಲಿ ಅದನ್ನು ತಡೆದುಕೊಳ್ಳುವುದು ಕಷ್ಟ, ಎಂಜಿನ್ನಿಗೆ ಮಾತ್ರ ಜೀವ ಬರುತ್ತದೆ. ದೆಹಲಿಯವರು ಜನವರಿಯಲ್ಲಿ ದಿನಾ ಹೀಟರ್ ಹಾಕುವುದರಿಂದ ಆ ಗುಂಡಿ ಎಲ್ಲಿದೆ ಎಂದು ಅವರಿಗೆ ಗೊತ್ತು. ಬೆಂಗಳೂರಿನ ಎಷ್ಟೋ ಕಾರುಗಳಲ್ಲಿ ಅದು ಕೊಂಡ ದಿನ ಇದ್ದಲ್ಲೇ ಇರುತ್ತದೆ. ಕೆಂಪು ದೀಪ ಹೊತ್ತಿತು ಅಥವಾ ಹಬೆ ಕಂಡಿತು ಎಂದರೆ ಈ ಯಾವ ಉಪಾಯವೂ ಬೇಡ. ಪಕ್ಕಕ್ಕೆ ತಂದು ಎಂಜಿನ್ ಆರಿಸಿ. ಅರ್ಧ ಗಂಟೆಯಾದರೂ ರೇಡಿಯೇಟರಿನ ಕ್ಯಾಪಿಗೆ ಕೈ ಹಾಕಬೇಡಿ. ಒಳಗಿರುವುದು 100 ಡಿಗ್ರಿಗೂ ಮೇಲಿನ ನೀರು, ಒತ್ತಡದಿಂದ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಗಳಿಗೆಯಲ್ಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ಬಿಸ್ಲೇರಿ ಬಾಟಲಿಯ ತಣ್ಣೀರು ಸುರಿಯುವುದನ್ನು ರಸ್ತೆ ಬದಿಯಲ್ಲಿ ನೋಡುತ್ತಲೇ ಇರುತ್ತೇವೆ. ಈಗಿನ ಎಂಜಿನ್‌ಗಳ ಹೆಡ್ ಅಲ್ಯೂಮಿನಿಯಮ್ಮಿನದು. ಹಾಗೆ ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಮುಳ್ಳಿನ ಬಗ್ಗೆಯೂ ಒಂದು ಮಾತು. ಸುಮಾರು ಕಾರುಗಳಲ್ಲಿ ಅದನ್ನು ಬೇಕೆಂದೇ ಮಂದ ಮಾಡಿರುತ್ತಾರೆ. ನಿಜವಾದ ಉಷ್ಣತೆ ಹತ್ತಾರು ಡಿಗ್ರಿ ಆಚೀಚೆ ಆದರೂ ಮಧ್ಯದಲ್ಲೇ ನಿಂತಿರುತ್ತದೆ. ಹಲವು ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಇನ್ನೂ ಅಪಾಯದ ಸಂಗತಿ ಬೇರೆಯಿದೆ. ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಒಣಗಿ ಗಾಳಿಯಲ್ಲಿ ನಿಲ್ಲುತ್ತದೆ, ಮುಳ್ಳು ಹಠಾತ್ತನೆ ಕೆಳಗಿಳಿಯುತ್ತದೆ. ಏರುತ್ತಿದ್ದ ಮುಳ್ಳು ತಾನಾಗಿ ಇಳಿಯಿತು ಎಂದು ನಿಟ್ಟುಸಿರು ಬಿಟ್ಟು ಮುಂದೆ ಹೋದವರು ಎಂಜಿನ್ ಕಳೆದುಕೊಂಡಿದ್ದಾರೆ.

ಈಗ ಗಾಳಿಯ ರೋಗಕ್ಕೆ ಬರೋಣ. ಅಂಬಾಸಡರ್ ಕಾಲದಲ್ಲಿ ಫ್ಯಾನನ್ನು ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತಿತ್ತು. ಬೆಲ್ಟ್ ಇದ್ದರೆ ಫ್ಯಾನ್ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಎಂಜಿನ್ ಅಡ್ಡಲಾಗಿ ಕೂರುವ ಕಾರುಗಳು ಮನೆಮಾತಾದ ಮೇಲೆ ಫ್ಯಾನಿಗೆ ಬೇರೆಯೇ ಮೋಟರು, ಅದಕ್ಕೊಂದು ರಿಲೇ, ಒಂದು ಫ್ಯೂಸು, ಒಂದು ಸೆನ್ಸರು, ಒಂದಿಷ್ಟು ವೈರು ಬಂದವು. ಇವುಗಳಲ್ಲಿ ಯಾವುದು ಕೈಕೊಟ್ಟರೂ ಫಲ ಒಂದೇ. ಪರೀಕ್ಷೆ ಸುಲಭ. ಎಂಜಿನ್ ಚಾಲು ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಆಮೇಲೆ ಫ್ಯೂಸ್ ಡಬ್ಬಿಯಲ್ಲೇ ಅದೇ ನಂಬರಿನ ಬೇರೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಅದೂ ಫಲ ಕೊಡದಿದ್ದರೆ ಮೆಕ್ಯಾನಿಕ್ ಮೋಟರಿಗೆ ಬ್ಯಾಟರಿಯಿಂದ ನೇರ ವೈರು ಕೊಟ್ಟು ನೋಡುತ್ತಾನೆ. ಮೋಟರ್ ತಿರುಗಿದರೆ ತಪ್ಪು ವೈರಿನಲ್ಲೋ ಸೆನ್ಸರಿನಲ್ಲೋ ಇದೆ. ವೈರಿನ ವಿಷಯದಲ್ಲಿ ಇಲ್ಲಿ ಇಲಿಗಳ ಹೆಸರು ಹೇಳದೆ ಇರುವ ಹಾಗಿಲ್ಲ. ಪಾರ್ಕಿನ ಪಕ್ಕ ರಾತ್ರಿ ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ ಅವು ಮನೆ ಮಾಡಿ, ವೈರಿನ ಸಿಪ್ಪೆ ಕಡಿದು ಹೋಗುತ್ತವೆ. ಮೋಟರ್ ಬದಲಾಯಿಸಿ ದುಡ್ಡು ಕೊಟ್ಟವರಿಗೆ ಆಮೇಲೆ ಕಡಿದ ವೈರು ಕಾಣಿಸುವುದುಂಟು.

ಫ್ಯಾನ್ ಜೋರಾಗಿ ತಿರುಗುತ್ತಿದೆ, ಆದರೂ ಜಾಮಿನಲ್ಲಿ ಕಾಯುತ್ತದೆ ಎಂದರೆ ಗಾಳಿಗೆ ದಾರಿಯೇ ಇಲ್ಲದಿರಬಹುದು. ಏಪ್ರಿಲ್ ಕಳೆಯುವ ಹೊತ್ತಿಗೆ ದೆಹಲಿಯ ಬೂರುಗದ ಮರಗಳು ಕಾಯೊಡೆದು ಹತ್ತಿಯನ್ನು ಗಾಳಿಗೆ ಬಿಡುತ್ತವೆ. ಗ್ರಿಲ್ಲಿನೊಳಗೆ ನುಗ್ಗಿದ ಹತ್ತಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲೆ ಬವಾನಾ ಕಡೆಯ ಲಾರಿಗಳ ಧೂಳು, ಹುಳು, ಎಣ್ಣೆಯ ಜಿಡ್ಡು. ಇಲ್ಲಿನ ಗ್ಯಾರೇಜೊಂದರಲ್ಲಿ ಎರಡನ್ನೂ ಬಿಚ್ಚಿ ಬೇರೆ ಮಾಡಿದಾಗ ನೋಡಿದ್ದೇನೆ: ನಡುವೆ ಬೂದುಬಣ್ಣದ ಕಂಬಳಿಯ ತುಂಡಿನಂಥದ್ದು ಕೂತಿತ್ತು, ಒಂದು ಮೂಲೆ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಮುಂದಿನಿಂದ ಎಷ್ಟು ನೀರು ಹೊಡೆದರೂ ಅದು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಎಂಜಿನ್ ಬದಿಯಿಂದ ಹೊರಮುಖವಾಗಿ, ಒತ್ತಡ ಕಡಿಮೆ ಮಾಡಿ ತೊಳೆಯಬೇಕು. ಜೋರಾದ ವಾಟರ್ ಗನ್ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು, ಇದ್ದ ದಾರಿಯೂ ಮುಚ್ಚುತ್ತದೆ.

ನೀರಿನ ರೋಗ ಇನ್ನೂ ದೊಡ್ಡದು, ಅದಕ್ಕೆ ಕಾರಣ ಬಹುಪಾಲು ನಾವೇ. ಕೂಲಂಟ್ ಕಡಿಮೆಯಾದಾಗ ನಲ್ಲಿಯ ನೀರೋ ಟ್ಯಾಂಕರ್ ನೀರೋ ಹಾಕುವ ಅಭ್ಯಾಸ ಎಲ್ಲ ಕಡೆಯೂ ಇದೆ. ದೆಹಲಿಯ ಈ ಭಾಗದ ಬೋರ್ ನೀರು ಗಡಸು. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಕಿರುನಳಿಗೆಗಳ ಒಳಗೂ ಕಟ್ಟುತ್ತದೆ. ಸುಣ್ಣದ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿಗೂ ಈ ಮಾತು ಸಲ್ಲುತ್ತದೆ. ಕೂಲಂಟ್ ಎಂದರೆ ಚಳಿ ದೇಶದವರಿಗೆ ಬೇಕಾದದ್ದು, ನೀರು ಹೆಪ್ಪುಗಟ್ಟದಿರಲಿ ಎಂದು ಹಾಕುವುದು ಎಂಬ ತಿಳಿವಳಿಕೆಯೇ ಇಲ್ಲಿ ಕೆಲಸ ಕೆಡಿಸಿದೆ. ಅರ್ಧ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಕುದಿಯುವ ಬಿಂದು 106 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿರುವ ರಾಸಾಯನಿಕಗಳು ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತವೆ. ಹಸಿರು, ಗುಲಾಬಿ, ನೀಲಿ ಎಂದು ಬಣ್ಣ ನೋಡಿ ಕೊಳ್ಳುವುದರಲ್ಲಿ ಅರ್ಥವಿಲ್ಲ, ಬಣ್ಣಕ್ಕೆ ಯಾವ ಏಕರೂಪದ ನಿಯಮವೂ ಇಲ್ಲ. ಕಾರಿನ ಪುಸ್ತಕದಲ್ಲಿ ಯಾವ ಬಗೆ ಎಂದಿದೆಯೋ ಅದನ್ನೇ ಹಾಕಬೇಕು. ಬಗೆ ಬಗೆಯದನ್ನು ಬೆರೆಸಿದರೆ ಒಳಗೆ ಗೊಜ್ಜಾಗುವ ಸಾಧ್ಯತೆಯೂ ಇದೆ.

ಕ್ಯಾಪನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯದ ಹಾಗೆ, ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗು, ರಬ್ಬರು ಸೋತರೆ ಒತ್ತಡ ನಿಲ್ಲುವುದಿಲ್ಲ. ಆ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿದ್ದರಿಂದಲೇ ಬರೀ ನೀರು ಕೂಡ 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಅದು ಬಿಟ್ಟುಕೊಟ್ಟರೆ ಮೊದಲೇ ಕುದಿದು, ಹೆಚ್ಚುವರಿ ಕೂಲಂಟ್ ಸೇರುವ ಬಿಳಿ ಡಬ್ಬಿ ತುಂಬಿ ಹೊರಚೆಲ್ಲುತ್ತದೆ. ಕ್ಯಾಪಿನ ಬೆಲೆ ಕೆಲವು ನೂರು ರೂಪಾಯಿ. ಎಂಜಿನ್ ತಣ್ಣಗಾದಾಗ ಮೇಲಿನ ಹೋಸ್ ಪೈಪು ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಕ್ಯಾಪಿನ ಇನ್ನೊಂದು ಕವಾಟ ಕೆಟ್ಟಿದೆ ಎಂದು ಅರ್ಥ: ಹೊರಹೋದ ಕೂಲಂಟ್ ಹಿಂದೆ ಬರುತ್ತಿಲ್ಲ.

ದೆಹಲಿಯಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಸೋರಿಕೆಯ ಜಾಗವಿದೆ. 1998ರಲ್ಲಿ ಸುಪ್ರೀಂ ಕೋರ್ಟ್ ಬಸ್ಸುಗಳನ್ನೆಲ್ಲ ಸಿಎನ್‌ಜಿಗೆ ತಿರುಗಿಸಬೇಕೆಂದ ಮೇಲೆ ಗ್ಯಾಸ್ ಬಂಕುಗಳು ಹೆಚ್ಚುತ್ತ ಬಂದವು, ಅವುಗಳ ಹಿಂದೆಯೇ ಖಾಸಗಿ ಕಾರುಗಳಿಗೆ ಕಿಟ್ ಹಾಕಿಸುವ ರೂಢಿಯೂ ಬಂತು. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗ್ಯಾಸು, ಒತ್ತಡ ಇಳಿಸುವ ರೆಡ್ಯೂಸರಿನಲ್ಲಿ ಒಮ್ಮೆಲೇ ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತದೆ. ರೆಡ್ಯೂಸರು ಮಂಜುಗಟ್ಟದಿರಲೆಂದು ಎಂಜಿನ್ನಿನ ಬಿಸಿ ಕೂಲಂಟನ್ನೇ ಟೀ ಜಾಯಿಂಟ್ ಹಾಕಿ ರೆಡ್ಯೂಸರಿನ ಸುತ್ತ ಹರಿಸುತ್ತಾರೆ. ಹೊರಗಡೆ ಕೂರಿಸಿದ ಕಿಟ್ಟುಗಳಲ್ಲಿ ಈ ಪ್ಲಾಸ್ಟಿಕ್ ಟೀ, ಅಗ್ಗದ ಕ್ಲಿಪ್ಪು, ಮೆತ್ತನೆಯ ಪೈಪುಗಳೇ ಮೊದಲು ಸೋಲುವುದು. ಕೂಲಂಟ್ ಕಡಿಮೆಯಾದ ಸುದ್ದಿ ಮುಳ್ಳಿಗಿಂತ ಮೊದಲು ರೆಡ್ಯೂಸರಿನಲ್ಲೇ ಗೊತ್ತಾಗುವುದುಂಟು. ಗ್ಯಾಸಿನಲ್ಲಿ ಗಾಡಿ ಮುಗ್ಗರಿಸಿ, ಪೆಟ್ರೋಲಿಗೆ ಹಾಕಿದರೆ ಸರಿಹೋದರೆ, ಬಾನೆಟ್ ಎತ್ತಿ ರೆಡ್ಯೂಸರ್ ನೋಡಿ. ಎಂಜಿನ್ ಸುಡುತ್ತಿದ್ದು ಅದರ ಮೈಮೇಲೆ ಮಂಜು ಕೂತಿದ್ದರೆ ಬಿಸಿ ನೀರು ಅಲ್ಲಿಗೆ ತಲುಪುತ್ತಿಲ್ಲ.

ಇಷ್ಟೆಲ್ಲ ಇರಲಿ, ನನಗೆ ಸಿಟ್ಟು ಬರುವುದು ಥರ್ಮೋಸ್ಟಾಟಿನ ವಿಷಯದಲ್ಲಿ. ಗಾಡಿ ಕಾಯುತ್ತದೆ ಎಂದು ಹೋದವರಿಗೆ ಅರ್ಧಕ್ಕರ್ಧ ಗ್ಯಾರೇಜುಗಳಲ್ಲಿ ಸಿಗುವ ಪರಿಹಾರ ಒಂದೇ: ‘ಸರ್‌ಜೀ, ವಾಲ್ವ್ ನಿಕಾಲ್ ದೇತೇ ಹೈಂ, ಗರ್ಮಿ ಮೇಂ ಇಸ್ಕೀ ಜರೂರತ್ ನಹೀಂ.’ ವಾಲ್ವ್ ತೆಗೆದುಬಿಡೋಣ, ಈ ಸೆಖೆಯಲ್ಲಿ ಅದು ಬೇಡ. ಬೆಂಗಳೂರು, ಹುಬ್ಬಳ್ಳಿಗಳಲ್ಲೂ ಇದೇ ಮಾತು ಕನ್ನಡದಲ್ಲಿ ಕೇಳಿಬರುತ್ತದೆ. ಥರ್ಮೋಸ್ಟಾಟ್ ಎಂಬ ಆ ಪುಟ್ಟ ಕವಾಟದೊಳಗೆ ಮೇಣವಿರುತ್ತದೆ. ಮೇಲೆ ಕೆತ್ತಿದ ಅಂಕಿ, ಸಾಮಾನ್ಯವಾಗಿ 82 ಅಥವಾ 88, ಮುಟ್ಟುವವರೆಗೆ ಅದು ಮುಚ್ಚಿರುತ್ತದೆ. ಆಮೇಲೆ ಮೇಣ ಹಿಗ್ಗಿ ಬಾಯಿ ತೆರೆಸಿ ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡರೆ ಎಂಜಿನ್ ಕುದಿಯುವುದು ನಿಜ. ಅದಕ್ಕೆ ಹೊಸ ಕವಾಟ ಹಾಕಬೇಕು. ತೆಗೆದರೆ ಆಗುವುದೇನು? ಐದು ಡಿಗ್ರಿಯ ಜನವರಿ ಮುಂಜಾನೆ ಎಂಜಿನ್ ಬಿಸಿಯಾಗುವುದೇ ಇಲ್ಲ, ಹೀಟರ್ ಉಗುರುಬೆಚ್ಚಗೆ ಊದುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ. ವಿಚಿತ್ರವೆಂದರೆ ಕೆಲವು ಎಂಜಿನ್‌ಗಳು ವಾಲ್ವ್ ತೆಗೆದ ಮೇಲೆ ಇನ್ನೂ ಹೆಚ್ಚು ಕಾಯುತ್ತವೆ. ಅವುಗಳಲ್ಲಿ ಕವಾಟದ ಹಿಂಬದಿಗೆ ಇನ್ನೊಂದು ತಟ್ಟೆ ಇರುತ್ತದೆ. ಮುಂದಿನ ಬಾಯಿ ತೆರೆದಾಗ ಆ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಡೀ ಕವಾಟವನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿದ್ದು, ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿನೊಳಗೇ ಸುತ್ತುತ್ತದೆ.

ಕವಾಟ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ರೋಹಿಣಿಯ ಒಬ್ಬ ಹಳೆಯ ಮೆಕ್ಯಾನಿಕ್ ಚಹಾದ ಪಾತ್ರೆಯಲ್ಲೇ ಇದನ್ನು ಮಾಡಿ ತೋರಿಸಿದರು. ಕವಾಟವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಒಲೆ ಹಚ್ಚಿದರು. ಎಂಬತ್ತು ದಾಟುವವರೆಗೆ ಏನೂ ಇಲ್ಲ. ಆಮೇಲೆ ಹಿತ್ತಾಳೆಯ ತಟ್ಟೆ ಒಂದು ಕೂದಲೆಳೆಯಷ್ಟು ಎದ್ದಿತು. ನೀರು ಮಳ್ಳುವ ಹೊತ್ತಿಗೆ ಕಿರುಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ‘ಠೀಕ್ ಹೈ ಜೀ ಯೇ ತೋ,’ ಎಂದು ಅದನ್ನೇ ತಿರುಗಿ ಕೂರಿಸಿದರು. ತಪ್ಪು ಬೇರೆಲ್ಲೋ ಇತ್ತು. ಹೊಸದು ಬೇಕೇ ಬೇಕಾದರೆ ರಿಠಾಲಾದಿಂದ ಹೊರಡುವ ಮೆಟ್ರೋದ ರೆಡ್ ಲೈನ್ ಹಿಡಿದು ಕಶ್ಮೀರಿ ಗೇಟಿನಲ್ಲಿ ಇಳಿದರೆ ಮೋಟಾರ್ ಪಾರ್ಟ್ಸ್ ಅಂಗಡಿಗಳ ಸಾಲೇ ಇದೆ. ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಂಕಿ ಹೊಂದಿಸಿ ತನ್ನಿ.

ಯಾವುದೇ ಕೆಲಸ ಮಾಡಿಸಿ ಕೂಲಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿದ ಗಾಳಿಯನ್ನು ತೆಗೆಯಬೇಕು. ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ತಣ್ಣಗಿದ್ದಾಗ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲು ಮಾಡಿದರೆ ಗುಳ್ಳೆಗಳು ಮೇಲೆ ಬರುತ್ತವೆ. ಗುಳ್ಳೆ ನಿಂತ ಮೇಲೆ ಕೂಲಂಟ್ ಭರ್ತಿ ಮಾಡಿ ಮುಚ್ಚುವುದು. ನಿಲ್ಲದೆ ಬರುತ್ತಲೇ ಇದ್ದರೆ ಅದು ಕೆಟ್ಟ ಸುದ್ದಿ. ಸಿಲಿಂಡರಿನಲ್ಲಿ ಉರಿದ ಗ್ಯಾಸು ಹೆಡ್ ಗ್ಯಾಸ್ಕೆಟ್ ದಾಟಿ ನೀರಿಗೆ ಬರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಪೈಪು ಕಲ್ಲಿನಂತೆ ಗಟ್ಟಿಯಾಗುವುದು, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಆಯಿಲ್ ಕ್ಯಾಪಿನ ಕೆಳಗೆ ಕಾಫಿ ಬಣ್ಣದ ನೊರೆ, ಇವೂ ಅದನ್ನೇ ಹೇಳುತ್ತವೆ. ಖಚಿತಪಡಿಸಿಕೊಳ್ಳಲು ನೀಲಿ ದ್ರವದ ಒಂದು ಪರೀಕ್ಷೆ ಇದೆ. ರೇಡಿಯೇಟರಿನ ಬಾಯಿಂದ ಬರುವ ಆವಿಯನ್ನು ಅದರ ಮೂಲಕ ಎಳೆದಾಗ ಬಣ್ಣ ಹಳದಿಗೆ ತಿರುಗಿದರೆ ಹೆಡ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಬರೀ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಲು ಬಿಡಬೇಡಿ. ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು ಸಂದಿ ಅಳೆಯಬೇಕು. ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸಿಗಿಂತ ಹೆಚ್ಚು ಸೊಟ್ಟಗಿದ್ದರೆ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಬೇಗನೆ ಹೋಗುತ್ತದೆ.

ಈ ಹಂತಕ್ಕೆ ಬಂದ ದೆಹಲಿಯ ಯಜಮಾನನಿಗೆ ಇನ್ನೊಂದು ಲೆಕ್ಕ ಕಾಡುತ್ತದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ರಾಜಧಾನಿಯಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅಂಥ ಗಾಡಿಗೆ ಬಂಕಿನಲ್ಲಿ ಇಂಧನವನ್ನೇ ಕೊಡಬಾರದೆಂಬ ಕ್ರಮ 2025ರ ಜುಲೈ 1ರಂದು ಜಾರಿಗೆ ಬಂದು ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಆಮೇಲೆ ವಿಷಯ ಮತ್ತೆ ಕೋರ್ಟಿಗೆ ಹೋಯಿತು. ಎಂಟೊಂಬತ್ತು ವರ್ಷದ ಡೀಸೆಲ್ ಗಾಡಿಯ ಹೆಡ್ಡಿಗೆ ಹತ್ತಾರು ಸಾವಿರ ಸುರಿಯಲು ಇಲ್ಲಿ ಹಲವರಿಗೆ ಮನಸ್ಸಿಲ್ಲ. ವಾಲ್ವ್ ಕಿತ್ತು, ನಲ್ಲಿ ನೀರು ತುಂಬಿ, ಹೊಳಪು ಬರುವಂತೆ ಪಾಲಿಶ್ ಹೊಡೆಸಿ, ಎನ್‌ಒಸಿ ಮಾಡಿಸಿ ಬೇರೆ ರಾಜ್ಯಕ್ಕೆ ಮಾರುವವರಿದ್ದಾರೆ.

ಅಗ್ಗವೆಂದು ‘ದೆಹಲಿ ಗಾಡಿ’ ತರಿಸಿಕೊಳ್ಳುವವರು ಕರ್ನಾಟಕದಲ್ಲಿ ಕಡಿಮೆಯಿಲ್ಲ. ಎಲ್ಲರೂ ಲೈಫ್ ಟ್ಯಾಕ್ಸಿನ ಲೆಕ್ಕ ಹಾಕುತ್ತಾರೆ, ಬಾನೆಟ್ಟಿನೊಳಗಿನದನ್ನು ಬಿಡುತ್ತಾರೆ. ಅಂಥ ಗಾಡಿ ನೋಡಲು ಹೋಗುವುದಾದರೆ, ನೀವು ಬರುವ ಮುಂಚೆ ಎಂಜಿನ್ ಚಾಲು ಮಾಡಬಾರದೆಂದು ಹೇಳಿಟ್ಟು ಬೆಳಿಗ್ಗೆಯೇ ಹೋಗಿ. ತಣ್ಣಗಿರುವಾಗ ಕ್ಯಾಪ್ ತೆಗೆದು ಬೆರಳಾಡಿಸಿ. ಬೆರಳಿಗೆ ಕೆಂಗಂದು ಕೆಸರು ಹತ್ತಿದರೆ ಬಹಳ ಕಾಲದಿಂದ ಬರೀ ನೀರಲ್ಲಿ ಓಡಿದೆ. ಕ್ಯಾಪ್ ಮುಚ್ಚಿ ಎಂಜಿನ್ ಚಾಲು ಮಾಡಿಸಿ, ರೇಡಿಯೇಟರಿಗೆ ಹೋಗುವ ಹೋಸ್ ಪೈಪನ್ನು ಫ್ಯಾನಿನಿಂದ ಕೈ ದೂರವಿಟ್ಟು ಹಿಡಿದುಕೊಳ್ಳಿ. ಥರ್ಮೋಸ್ಟಾಟ್ ಇದ್ದರೆ ಎಷ್ಟೋ ಹೊತ್ತು ಪೈಪು ತಣ್ಣಗಿದ್ದು, ಆಮೇಲೆ ಒಂದೆರಡು ನಿಮಿಷದಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಎಂಜಿನ್ ಜೊತೆಜೊತೆಗೆ ಒಂದೇ ಸಮನೆ ಬೆಚ್ಚಗಾಗುತ್ತ ಬಂದರೆ ಒಳಗಿನ ವಾಲ್ವ್ ತೆಗೆದಿದ್ದಾರೆ ಅಥವಾ ಅದು ತೆರೆದೇ ಅಂಟಿಕೊಂಡಿದೆ. ಏಕೆ ತೆಗೆದಿರಿ ಎಂದು ಮಾರುವವರನ್ನೇ ಕೇಳಿ, ಆಮೇಲೆ ಬೆಲೆಯ ಮಾತಾಡಿ.